ಡೇಟಾಬೇಸ್‌ಗೆ ಬೀಗ ಹಾಕುವ ಮೊದಲು, ಬೀಗದ ಕೈ ಎಲ್ಲಿಡುತ್ತೀರಿ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಹರಿಹರ ಮತ್ತು ಹೊನ್ನಾಳಿಯಲ್ಲಿ ನಮ್ಮ ಶಾಖೆಗಳಿವೆ. ಸದಸ್ಯರ ಖಾತೆ, ಪಿಗ್ಮಿ, ಚಿನ್ನದ ಸಾಲ ಎಲ್ಲವೂ ಮೈಕ್ರೋಸಾಫ್ಟಿನ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ 2019 ಸ್ಟ್ಯಾಂಡರ್ಡ್‌ನಲ್ಲಿದೆ. ದಿನಾ ರಾತ್ರಿ ಬ್ಯಾಕಪ್ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹೋಗುತ್ತದೆ. ಮ್ಯಾನೇಜರ್ ಅದನ್ನು ಬೈಕಿನಲ್ಲಿ ಮನೆಗೆ ಒಯ್ಯುತ್ತಾರೆ. ಈ ಸಲ ಆಡಿಟರ್ ‘ಡೇಟಾಬೇಸ್ ಎನ್‌ಕ್ರಿಪ್ಟ್ ಮಾಡಿ’, ಅಂದರೆ ಕೀ ಇಲ್ಲದೆ ಓದಲಾಗದ ಗೂಢಲಿಪಿಗೆ ಬದಲಿಸಿ, ಎಂದು ಬರೆದಿದ್ದಾರೆ. ಸಾಫ್ಟ್‌ವೇರ್ ಕೊಟ್ಟವರು ‘ಟಿಡಿಇ ಹಾಕಿಕೊಳ್ಳಿ’ ಎನ್ನುತ್ತಾರೆ. ಅದನ್ನು ಹೇಗೆ ಹಾಕುವುದು? ಸಾಫ್ಟ್‌ವೇರ್ ಬದಲಿಸಬೇಕೇ? ಕೆಲಸ ನಿಧಾನ ಆಗುತ್ತದಾ? ಸರ್ವರ್‌ಗೆ ವಿಂಡೋಸಿನ ಡಿಸ್ಕ್ ಬೀಗ ಬಿಟ್‌ಲಾಕರ್ ಇದೆ, ಅದು ಸಾಲದೇ?

ಉತ್ತರ: ನೀವು ಬ್ಯಾಕಪ್ ಡಿಸ್ಕ್ ಮತ್ತು ಬೈಕಿನ ವಿಷಯ ಬರೆದದ್ದು ಬಹಳ ಒಳ್ಳೆಯದಾಯಿತು. ನಿಮ್ಮ ನಿಜವಾದ ಅಪಾಯ ಅಲ್ಲೇ ಇದೆ. ಸರ್ವರ್ ರೂಮಿಗೆ ಬೀಗ ಇದೆ, ಕ್ಯಾಮೆರಾ ಇದೆ. ಆದರೆ ಸಾವಿರಾರು ಸದಸ್ಯರ ಹೆಸರು, ವಿಳಾಸ, ಸಾಲ, ಠೇವಣಿ ಎಲ್ಲವೂ ದಿನಾ ಪಿ.ಬಿ. ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದು ಬ್ಯಾಗಿನಲ್ಲಿ ಓಡಾಡುತ್ತಿದೆ. ಆ ಬ್ಯಾಗ್ ಕಳೆದರೆ, ಸಿಕ್ಕವನು ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ರಿಸ್ಟೋರ್ ಮಾಡಿಕೊಂಡರೆ ಸಾಕು. ಯಾವ ಪಾಸ್‌ವರ್ಡ್ ಕೂಡ ಬೇಕಿಲ್ಲ. ನಿಮ್ಮ ಸಾಫ್ಟ್‌ವೇರಿನ ಲಾಗಿನ್ ಅಲ್ಲಿ ಅಡ್ಡ ಬರುವುದಿಲ್ಲ.

ನಂಬಿಕೆ ಬರದಿದ್ದರೆ ಇವತ್ತೇ ನೋಡಿ. ಕಂಪ್ರೆಸ್ ಮಾಡದ ಒಂದು ಹಳೇ ಬ್ಯಾಕಪ್ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಒಳಗಿರುವುದನ್ನು ಇದ್ದ ಹಾಗೇ ತೋರಿಸುವ ಸಾಫ್ಟ್‌ವೇರ್) ತೆರೆಯಿರಿ. ಕಣ್ಣಾಡಿಸುತ್ತಾ ಹೋಗಿ. ಇಂಗ್ಲಿಷ್ ಅಕ್ಷರದಲ್ಲಿ ತುಂಬಿದ ಹೆಸರು, ಊರು ಹಾಗೆ ಹಾಗೇ ಕಾಣುತ್ತವೆ. ನಿಮ್ಮ ಕಾರ್ಯದರ್ಶಿಗೆ, ನಿರ್ದೇಶಕರಿಗೆ ಇದನ್ನು ಒಮ್ಮೆ ತೋರಿಸಿ. ಎನ್‌ಕ್ರಿಪ್ಶನ್ ಯಾಕೆ ಬೇಕು ಎಂದು ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಟಿಡಿಇ ಎಂದರೆ ಟ್ರಾನ್ಸ್‌ಪರೆಂಟ್ ಡೇಟಾ ಎನ್‌ಕ್ರಿಪ್ಶನ್. ಎಸ್‌ಕ್ಯೂಎಲ್ ಸರ್ವರ್ ತನ್ನ ಡೇಟಾವನ್ನು 8 ಕೆಬಿ ಅಳತೆಯ ಪುಟಗಳಲ್ಲಿ ಇಡುತ್ತದೆ. ಪುಟ ಡಿಸ್ಕಿಗೆ ಹೋಗುವಾಗ ಗೂಢಲಿಪಿಯಾಗುತ್ತದೆ, ಮೆಮೊರಿಗೆ ಬರುವಾಗ ಮತ್ತೆ ಬಿಚ್ಚಿಕೊಳ್ಳುತ್ತದೆ. ಮೇಲಿರುವ ಸಾಫ್ಟ್‌ವೇರ್‌ಗೆ ಇದು ಗೊತ್ತೇ ಆಗುವುದಿಲ್ಲ. ‘ಟ್ರಾನ್ಸ್‌ಪರೆಂಟ್’ ಎಂಬ ಹೆಸರು ಬಂದದ್ದು ಅದಕ್ಕೇ. ಹಾಗಾಗಿ ಸಾಫ್ಟ್‌ವೇರಿನ ಒಂದು ಸಾಲನ್ನೂ ಬದಲಿಸಬೇಕಿಲ್ಲ. ಡೇಟಾ ಫೈಲ್, ಲಾಗ್ ಫೈಲ್, ಮುಂದೆ ತೆಗೆಯುವ ಪ್ರತಿ ಬ್ಯಾಕಪ್ ಎಲ್ಲವೂ ಎನ್‌ಕ್ರಿಪ್ಟ್ ಆಗಿಯೇ ಇರುತ್ತವೆ.

ಬಿಟ್‌ಲಾಕರ್ ಬೇರೆ ಕೆಲಸ ಮಾಡುತ್ತದೆ. ಸರ್ವರನ್ನೇ ಯಾರಾದರೂ ಹೊತ್ತೊಯ್ದರೆ ಅದು ಕಾಪಾಡುತ್ತದೆ. ಆದರೆ ಸರ್ವರ್ ಓಡುತ್ತಿರುವಾಗ ಅದು ಬಾಗಿಲು ತೆರೆದೇ ಇರುತ್ತದೆ. ಆಗ ಹೊರಗಿನ ಡಿಸ್ಕಿಗೆ ಕಾಪಿ ಆದ ಫೈಲ್ ಮಾಮೂಲಿ ಫೈಲ್ ಆಗಿಯೇ ಹೋಗುತ್ತದೆ. ಟಿಡಿಇ ಫೈಲನ್ನು ಎಲ್ಲಿಗೆ ಕಾಪಿ ಮಾಡಿದರೂ ಬೀಗ ಅದರ ಜೊತೆಗೇ ಹೋಗುತ್ತದೆ. ಬಿಟ್‌ಲಾಕರ್ ಇರಲಿ, ತೆಗೆಯಬೇಡಿ. ಆದರೆ ನಿಮ್ಮ ಸಮಸ್ಯೆಗೆ ಅದೊಂದೇ ಸಾಲದು.

ನೀವು 2019 ಸ್ಟ್ಯಾಂಡರ್ಡ್ ಇಟ್ಟುಕೊಂಡಿರುವುದು ಅದೃಷ್ಟ. ಟಿಡಿಇ ಬಂದದ್ದು 2008ರ ಆವೃತ್ತಿಯಲ್ಲಿ, ಆದರೆ ಬಹಳ ವರ್ಷ ಅದು ದುಬಾರಿ ಎಂಟರ್‌ಪ್ರೈಸ್ ಎಡಿಷನ್ನಿಗೆ ಮಾತ್ರ ಇತ್ತು. ಸ್ಟ್ಯಾಂಡರ್ಡ್‌ಗೆ ಸಿಕ್ಕಿದ್ದು 2019ರಿಂದ. ಎಕ್ಸ್‌ಪ್ರೆಸ್‌ ಎಡಿಷನ್ನಿನಲ್ಲಿ ಇಲ್ಲ. ಇದನ್ನು ಓದುವ ಬೇರೆ ಸಂಘದವರ ಬಳಿ 2014, 2016 ಅಥವಾ 2017ರ ಸ್ಟ್ಯಾಂಡರ್ಡ್ ಇದ್ದರೆ, ಬ್ಯಾಕಪ್ ಒಂದನ್ನೇ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ ಅವರಲ್ಲೂ ಇದೆ. ಬೈಕಿನ ಡಿಸ್ಕ್ ಒಂದೇ ಚಿಂತೆಯಾದರೆ ಅಷ್ಟೇ ಸಾಕಾಗಬಹುದು.

ಹಾಕುವ ವಿಧಾನಕ್ಕೆ ಹೋಗುವ ಮೊದಲು ಒಂದು ಘಟನೆ ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಒಂದು ಸಂಸ್ಥೆಗೆ ನಾನೇ ಟಿಡಿಇ ಹಾಕಿಕೊಟ್ಟಿದ್ದೆ. ಎಲ್ಲ ಚೆನ್ನಾಗಿ ನಡೆಯಿತು. ಟಿಡಿಇ ಬೀಗ ತೆರೆಯಲು ಒಂದು ಸರ್ಟಿಫಿಕೇಟ್ ಬೇಕು, ಬೀಗದ ಕೈ ಅಂದರೆ ಅದೇ; ಅದರ ಬ್ಯಾಕಪ್ ಕೂಡ ತೆಗೆದಿದ್ದೆ, ಆದರೆ ಅದನ್ನು ಅದೇ ಸರ್ವರಿನ ಸಿ ಡ್ರೈವಿನಲ್ಲಿ ಒಂದು ಫೋಲ್ಡರಿಗೆ ಹಾಕಿ ‘ಆಮೇಲೆ ಹೊರಗೆ ತೆಗೆದಿಡೋಣ’ ಎಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ. ನಾಲ್ಕು ತಿಂಗಳಿಗೆ ಸಿ ಡ್ರೈವಿನ ಎಸ್‌ಎಸ್‌ಡಿ ಸತ್ತುಹೋಯಿತು. ಡೇಟಾ ಇದ್ದ ಡಿ ಡ್ರೈವ್ ಸರಿಯಾಗಿಯೇ ಇತ್ತು. ಬ್ಯಾಕಪ್ ಡಿಸ್ಕೂ ಸರಿಯಾಗಿತ್ತು. ಡಿಸ್ಕನ್ನು ದಾವಣಗೆರೆಗೆ ತಂದು ಬೇರೆ ಸರ್ವರಿಗೆ ಹಾಕಿ ರಿಸ್ಟೋರ್ ಒತ್ತಿದೆ. 33111 ಎಂಬ ಎರರ್ ಬಂತು. ಇಂಥ ಥಂಬ್‌ಪ್ರಿಂಟಿನ (ಗುರುತು ಸಂಖ್ಯೆಯ) ಸರ್ಟಿಫಿಕೇಟ್ ಸಿಗುತ್ತಿಲ್ಲ ಎಂದು ಅದರ ಅರ್ಥ. ಆ ಎರರ್ ಮುಂದೆ ಯಾವ ಜಾಣತನವೂ ನಡೆಯುವುದಿಲ್ಲ. ಎಇಎಸ್ ಎಂಬ ಗೂಢಲಿಪಿ ವಿಧಾನದ ಬೀಗವನ್ನು ಒಡೆಯುವ ದಾರಿ ನನಗೂ ಇಲ್ಲ, ಕಳ್ಳನಿಗೂ ಇಲ್ಲ. ಸರ್ಟಿಫಿಕೇಟ್ ಕೂರುವ ಮಾಸ್ಟರ್ ಡೇಟಾಬೇಸಿನ (ಎಸ್‌ಕ್ಯೂಎಲ್ ಸರ್ವರಿನ ಸ್ವಂತ ಡೇಟಾಬೇಸ್) ಬ್ಯಾಕಪ್ ಇದ್ದಿದ್ದರೆ ಒಂದು ಪ್ರಯತ್ನ ಮಾಡಬಹುದಿತ್ತು. ಅದೂ ಇರಲಿಲ್ಲ. ಕೊನೆಗೆ ಟಿಡಿಇ ಹಾಕುವ ಹಿಂದಿನ ದಿನದ ಹಳೇ ಬ್ಯಾಕಪ್ ತೆಗೆದುಕೊಂಡು, ನಾಲ್ಕು ತಿಂಗಳ ಲೆಕ್ಕವನ್ನು ಅಲ್ಲಿಯ ನಾಲ್ಕು ಜನ ಸಿಬ್ಬಂದಿ ರಿಜಿಸ್ಟರ್ ನೋಡಿ ಮತ್ತೆ ಟೈಪ್ ಮಾಡಿದರು. ರಾತ್ರಿ ಒಂಬತ್ತರವರೆಗೆ ಕೂತಿದ್ದ ಅವರ ಮುಖ ನನಗೆ ಇನ್ನೂ ನೆನಪಿದೆ. ತಪ್ಪು ನನ್ನದು, ಶ್ರಮ ಅವರದು.

ಹಾಗಾಗಿ ಟಿಡಿಇ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಕೇಳುವುದು ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ. ಕಮಾಂಡ್‌ಗಳು ಐದೇ ಐದು. ಟೈಪ್ ಮಾಡಲು ಹತ್ತು ನಿಮಿಷ ಸಾಕು. ಉಳಿದ ಕೆಲಸವೆಲ್ಲ ಬೀಗದ ಕೈಯದ್ದೇ.

ಇದು ನಿಮಗೆ ಹೊಸದಲ್ಲ. ನಿಮ್ಮ ಸಂಘದಲ್ಲಿ ಚಿನ್ನದ ಸಾಲದ ಪೊಟ್ಟಣಗಳಿರುವ ತಿಜೋರಿಗೆ ಎರಡು ಬೀಗದ ಕೈ ಇರುತ್ತವೆ ಅಲ್ವಾ? ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಕ್ಯಾಷಿಯರ್ ಹತ್ತಿರ. ಒಬ್ಬರು ರಜೆ ಹೋದರೆ ಯಾರಿಗೆ ಕೊಟ್ಟು ಹೋದರು ಎಂದು ಪುಸ್ತಕದಲ್ಲಿ ಸಹಿ ಬೀಳುತ್ತದೆ. ಡೇಟಾಬೇಸಿನ ಕೀಗೂ ಅದೇ ಶಿಸ್ತು ಬೇಕು.

ಈಗ ಐದು ಹೆಜ್ಜೆ. ಎಲ್ಲಕ್ಕಿಂತ ಮೊದಲು ಒಂದು ಫುಲ್ ಬ್ಯಾಕಪ್ ತೆಗೆದು, ಅದು ಬೇರೆ ಮಷಿನ್‌ನಲ್ಲಿ ರಿಸ್ಟೋರ್ ಆಗುತ್ತದೆ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಮಾಸ್ಟರ್ ಡೇಟಾಬೇಸಿಗೆ ಹೋಗಿ ‘ಕ್ರಿಯೇಟ್ ಮಾಸ್ಟರ್ ಕೀ’ ಕಮಾಂಡ್ ಕೊಡಿ. ಅದಕ್ಕೊಂದು ಗಟ್ಟಿ ಪಾಸ್‌ವರ್ಡ್ ಬೇಕು. ಸಂಘದ ಹೆಸರು ಮತ್ತು 123 ಸೇರಿಸಿದ್ದು ಗಟ್ಟಿ ಪಾಸ್‌ವರ್ಡ್ ಅಲ್ಲ.

ಎರಡನೆಯದು ಅಲ್ಲೇ, ಮಾಸ್ಟರ್‌ನಲ್ಲೇ, ‘ಕ್ರಿಯೇಟ್ ಸರ್ಟಿಫಿಕೇಟ್’. ಇಲ್ಲಿ ಮುಕ್ತಾಯದ ದಿನಾಂಕ ನೀವೇ ಕೊಡಿ, ಐದೋ ಹತ್ತೋ ವರ್ಷ ಮುಂದಕ್ಕೆ. ಕೊಡದಿದ್ದರೆ ಅದು ಒಂದೇ ವರ್ಷ ಹಾಕಿಕೊಳ್ಳುತ್ತದೆ. ಅವಧಿ ಮುಗಿದ ಸರ್ಟಿಫಿಕೇಟಿನಿಂದಲೂ ಟಿಡಿಇ ನಡೆಯುತ್ತಲೇ ಇರುತ್ತದೆ, ಡೇಟಾ ನಿಲ್ಲುವುದಿಲ್ಲ. ಆದರೆ ಮುಂದಿನ ವರ್ಷ ಯಾರೋ ಆ ದಿನಾಂಕ ನೋಡಿ, ಗಾಬರಿಯಾಗಿ ಸರ್ಟಿಫಿಕೇಟನ್ನೇ ಅಳಿಸಲು ಹೋಗಬಾರದಲ್ಲ.

ಮೂರನೆಯದು ‘ಬ್ಯಾಕಪ್ ಸರ್ಟಿಫಿಕೇಟ್’. ಇದನ್ನು ನಾಳೆಗೆ ಇಡಬೇಡಿ. ಈ ಕಮಾಂಡಿನಲ್ಲಿ ಪ್ರೈವೇಟ್ ಕೀಯನ್ನೂ ಸೇರಿಸಿ ಕೇಳಬೇಕು. ಆಗ ಎರಡು ಫೈಲ್ ಬರುತ್ತವೆ: ಒಂದು ಸರ್ಟಿಫಿಕೇಟ್, ಇನ್ನೊಂದು ಪ್ರೈವೇಟ್ ಕೀ. ಎರಡನೆಯದಕ್ಕೆ ಪ್ರತ್ಯೇಕ ಪಾಸ್‌ವರ್ಡ್ ಕೊಡುತ್ತೀರಿ. ನೆನಪಿಡಿ: ಎರಡು ಫೈಲ್ ಮತ್ತು ಒಂದು ಪಾಸ್‌ವರ್ಡ್. ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದ ಎರಡರಿಂದ ಏನೂ ಆಗುವುದಿಲ್ಲ. ಬರೀ ಸರ್ಟಿಫಿಕೇಟ್ ಫೈಲ್ ಇಟ್ಟುಕೊಂಡು ನಿಶ್ಚಿಂತೆಯಿಂದ ಇದ್ದವರನ್ನು ನಾನು ನೋಡಿದ್ದೇನೆ.

ನಾಲ್ಕನೆಯದಕ್ಕೆ ನಿಮ್ಮ ಸಂಘದ ಡೇಟಾಬೇಸಿಗೆ ಬನ್ನಿ. ‘ಕ್ರಿಯೇಟ್ ಡೇಟಾಬೇಸ್ ಎನ್‌ಕ್ರಿಪ್ಶನ್ ಕೀ’ ಎಂದು ಕೊಟ್ಟು, ಅಲ್ಗಾರಿದಮ್ ಎಇಎಸ್ 256 ಎಂದು ಹೇಳಿ, ಮೊದಲು ಮಾಡಿದ ಸರ್ಟಿಫಿಕೇಟನ್ನು ಹೆಸರಿಸಿ. ಮೂರನೇ ಹೆಜ್ಜೆ ಮರೆತಿದ್ದರೆ ಸರ್ವರೇ ಇಲ್ಲಿ ಎಚ್ಚರಿಸುತ್ತದೆ, ಸರ್ಟಿಫಿಕೇಟಿನ ಬ್ಯಾಕಪ್ ತೆಗೆದಿಲ್ಲ, ಈಗಲೇ ತೆಗೆಯಿರಿ ಎಂದು. ಐದನೆಯದು ‘ಆಲ್ಟರ್ ಡೇಟಾಬೇಸ್, ಸೆಟ್ ಎನ್‌ಕ್ರಿಪ್ಶನ್ ಆನ್’. ಅಷ್ಟೇ.

ಆಮೇಲೆ ಸರ್ವರ್ ಹಿನ್ನೆಲೆಯಲ್ಲಿ ಇರುವ ಪುಟಗಳನ್ನೆಲ್ಲ ಒಂದೊಂದಾಗಿ ಓದಿ, ಎನ್‌ಕ್ರಿಪ್ಟ್ ಮಾಡಿ, ಮತ್ತೆ ಬರೆಯುತ್ತಾ ಹೋಗುತ್ತದೆ. ಸಾಫ್ಟ್‌ವೇರ್ ಬಂದ್ ಮಾಡಬೇಕಿಲ್ಲ. ಎನ್‌ಕ್ರಿಪ್ಶನ್ ಸ್ಥಿತಿ ತೋರಿಸುವ ಸಿಸ್ಟಂ ವ್ಯೂ ಒಂದಿದೆ. ಅದರಲ್ಲಿ 2 ಇದ್ದರೆ ಕೆಲಸ ನಡೆಯುತ್ತಿದೆ, 3 ಬಂದರೆ ಮುಗಿದಿದೆ. ಮುಗಿದ ಮೇಲೆ ಶೇಕಡಾ ಕಾಲಂ 100 ತೋರಿಸುವ ಬದಲು 0 ತೋರಿಸುತ್ತದೆ. ಗಾಬರಿ ಬೇಡ, ಅದು ಹಾಗೇ. ಅದೇ ಪಟ್ಟಿಯಲ್ಲಿ ಟೆಂಪ್‌ಡಿಬಿ (ಸರ್ವರ್ ತಾತ್ಕಾಲಿಕ ಕೆಲಸಕ್ಕೆ ಬಳಸುವ ಡೇಟಾಬೇಸ್) ಹೆಸರೂ ಕಾಣುತ್ತದೆ. ಒಂದು ಡೇಟಾಬೇಸಿಗೆ ಟಿಡಿಇ ಹಾಕಿದರೂ ಟೆಂಪ್‌ಡಿಬಿ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ನಡುವೆ ಕರೆಂಟ್ ಹೋಗಿ ಸರ್ವರ್ ಆಫ್ ಆದರೆ, ಮತ್ತೆ ಆನ್ ಆದಾಗ ಕೆಲಸ ಮುಂದುವರಿಯುತ್ತದೆ. ಆದರೂ ಯುಪಿಎಸ್ ಬ್ಯಾಟರಿ ಹೇಗಿದೆ ಎಂದು ಹಿಂದಿನ ದಿನವೇ ನೋಡಿಕೊಳ್ಳಿ.

ದಿನ ಯಾವುದು ಎಂಬುದು ಮುಖ್ಯ. ಶನಿವಾರ ರಾತ್ರಿ ಡೇ ಎಂಡ್ (ದಿನದ ಲೆಕ್ಕ ಮುಚ್ಚುವ ಕೆಲಸ) ಮುಗಿದ ಮೇಲೆ ಶುರು ಮಾಡಿ, ಭಾನುವಾರ ಕೈಯಲ್ಲಿ ಇರುತ್ತದೆ. ಮಾರ್ಚ್ ತಿಂಗಳಲ್ಲಿ ಮಾತ್ರ ಬೇಡವೇ ಬೇಡ. ಬಡ್ಡಿ ಹಾಕುವ ಹೊತ್ತಿನಲ್ಲಿ ಏನೇ ನಿಧಾನವಾದರೂ ಎಲ್ಲರೂ ನಿಮ್ಮ ಟಿಡಿಇಯನ್ನೇ ದೂರುತ್ತಾರೆ. ಸೋಮವಾರ ಬೆಳಿಗ್ಗೆಯೂ ಮುಗಿಯದೆ ಕೌಂಟರ್ ಎಳೆಯುತ್ತಿದ್ದರೆ, 2019ರಲ್ಲಿ ಈ ಕೆಲಸವನ್ನು ತಡೆಹಿಡಿಯುವ ‘ಸಸ್ಪೆಂಡ್’ ಇದೆ. ಸಂಜೆ ‘ರೆಸ್ಯೂಮ್’ ಕೊಟ್ಟು ಮುಂದುವರಿಸಬಹುದು.

ಮುಗಿದ ಮೇಲೆ ನಿಧಾನವಾಗುತ್ತದಾ ಎಂದು ಕೇಳಿದ್ದೀರಿ. ಪ್ರೊಸೆಸರ್‌ಗೆ ಸ್ವಲ್ಪ ಜಾಸ್ತಿ ಕೆಲಸ ಬೀಳುವುದು ನಿಜ. ಆದರೆ ಈಗಿನ ಪ್ರೊಸೆಸರ್‌ಗಳಲ್ಲಿ ಎಇಎಸ್ ಲೆಕ್ಕ ಮಾಡಲೆಂದೇ ಪ್ರತ್ಯೇಕ ಸೂಚನೆಗಳಿವೆ. ನಿಮ್ಮಂಥ ಸಂಘದ ಕೆಲಸದಲ್ಲಿ ಕೌಂಟರಿನವರಿಗೆ ವ್ಯತ್ಯಾಸ ಗೊತ್ತಾಗುವುದು ಅಪರೂಪ. ನನ್ನ ಮಾತು ನಂಬಿ ಕೂರಬೇಡಿ, ಅಳೆಯಿರಿ. ಒಂದು ವಾರ ಡೇ ಎಂಡ್‌ಗೆ ಎಷ್ಟು ನಿಮಿಷ ಹಿಡಿಯುತ್ತದೆ, ಪಿಗ್ಮಿ ಮಷಿನ್‌ಗಳ ಡೇಟಾ ಇಳಿಸಲು ಎಷ್ಟು ಹಿಡಿಯುತ್ತದೆ ಎಂದು ಬರೆದಿಡಿ. ಟಿಡಿಇ ಹಾಕಿದ ಮೇಲೆ ಮತ್ತೊಂದು ವಾರ ಬರೆಯಿರಿ. ಆಡಿಟರ್‌ಗೂ ಅದೇ ಕಾಗದ ತೋರಿಸಬಹುದು.

ಒಂದು ಬದಲಾವಣೆ ಮಾತ್ರ ಖಂಡಿತ ಗೊತ್ತಾಗುತ್ತದೆ. ಬ್ಯಾಕಪ್ ಫೈಲನ್ನು ಜಿಪ್ ಮಾಡುವ ಅಭ್ಯಾಸ ನಿಮ್ಮಲ್ಲಿದ್ದರೆ, ಇನ್ನು ಮುಂದೆ ಅದು ಕುಗ್ಗುವುದಿಲ್ಲ. ಎನ್‌ಕ್ರಿಪ್ಟ್ ಆದ ಫೈಲಿನಲ್ಲಿ ಕುಗ್ಗಿಸಲು ಏನೂ ಸಿಗುವುದಿಲ್ಲ. ಅದರ ಬದಲು ಬ್ಯಾಕಪ್ ಕಮಾಂಡಿನಲ್ಲೇ ‘ವಿತ್ ಕಂಪ್ರೆಷನ್’ ಕೊಡಿ. 2019ಕ್ಕೆ ಸಿಯು 5 (ಐದನೇ ಕ್ಯುಮುಲೇಟಿವ್ ಅಪ್‌ಡೇಟ್) ಅಥವಾ ಅದರ ನಂತರದ ಅಪ್‌ಡೇಟ್ ಹಾಕಿದ್ದರೆ ಟಿಡಿಇ ಇದ್ದರೂ ಅದು ಸರಿಯಾಗಿ ಕುಗ್ಗಿಸುತ್ತದೆ. ಈ ನೆಪದಲ್ಲಿ ಅಪ್‌ಡೇಟನ್ನೂ ಹಾಕಿಬಿಡಿ.

ಇನ್ನು ಬೀಗದ ಕೈ. ಎರಡು ಫೈಲುಗಳನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ. ಒಂದು ನಿಮ್ಮ ತಿಜೋರಿಯಲ್ಲಿ, ಚಿನ್ನದ ಪೊಟ್ಟಣಗಳ ಪಕ್ಕದಲ್ಲೇ ಇರಲಿ. ಇನ್ನೊಂದು ಬೇರೆ ಕಟ್ಟಡದಲ್ಲಿ, ಸಂಘದ ಹೆಸರಿನಲ್ಲಿ ಯಾವುದಾದರೂ ಬ್ಯಾಂಕಿನಲ್ಲಿ ಲಾಕರ್ ಇದ್ದರೆ ಅಲ್ಲಿ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಅರಗು ಒತ್ತಿ, ಕಾರ್ಯದರ್ಶಿ ಮತ್ತು ಅಧ್ಯಕ್ಷರ ಸಹಿ ಹಾಕಿಸಿ, ಪೆನ್‌ಡ್ರೈವ್ ಇಲ್ಲದ ಜಾಗದಲ್ಲಿ ಇಡಿ. ಆದರೆ ಬರೆದ ಕಾಗದ ಒಂದೇ ಪ್ರತಿ ಬೇಡ, ಎರಡು ಮಾಡಿ. ಸರ್ವರಿನಲ್ಲಿ ಉಳಿದ ಫೈಲುಗಳನ್ನು ಕಾಪಿ ಆದದ್ದು ಖಾತ್ರಿಯಾದ ಮೇಲೆ ಅಳಿಸಿ. ಎಲ್ಲಕ್ಕಿಂತ ಮುಖ್ಯ: ಈ ಫೈಲುಗಳು ಮ್ಯಾನೇಜರ್ ಒಯ್ಯುವ ಬ್ಯಾಕಪ್ ಡಿಸ್ಕಿನಲ್ಲಿ ಯಾವತ್ತೂ ಇರಬಾರದು. ಬೀಗವೂ ಬೀಗದ ಕೈಯೂ ಒಂದೇ ಬೈಕಿನಲ್ಲಿ ಹೋದರೆ ನಾವು ಮಾಡಿದ್ದೆಲ್ಲ ಸುಮ್ನೆ.

ಪಾಸ್‌ವರ್ಡ್ ನಿಮ್ಮ ತಲೆಯಲ್ಲಿ ಮಾತ್ರ ಇರುವುದೂ ಬೇಡ. ನಾಳೆ ನೀವು ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಸಂಘ ಯಾರನ್ನು ಕೇಳಬೇಕು? ಕೀ ಎಲ್ಲಿದೆ, ಯಾರ ವಶದಲ್ಲಿದೆ ಎಂದು ಸಂಘದ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ದಾಖಲಾಗಲಿ. ಪಾಸ್‌ವರ್ಡ್ ಅಲ್ಲ, ಅದು ಇರುವ ಜಾಗ ಮಾತ್ರ.

ಮುಂದೆ ಸರ್ಟಿಫಿಕೇಟ್ ಬದಲಿಸಬೇಕು ಎನಿಸಿದರೆ ಅದೂ ಸುಲಭ. ಹೊಸದನ್ನು ಮಾಡಿ, ಡೇಟಾಬೇಸಿನ ಕೀಯನ್ನು ಅದಕ್ಕೆ ಹೊಂದಿಸಿದರೆ ಆಯಿತು. ಇಡೀ ಡೇಟಾವನ್ನು ಮತ್ತೆ ಎನ್‌ಕ್ರಿಪ್ಟ್ ಮಾಡಬೇಕಿಲ್ಲ, ಚಿಕ್ಕ ಕೀಯೊಂದರ ಹೊದಿಕೆ ಮಾತ್ರ ಬದಲಾಗುತ್ತದೆ. ಆದರೆ ಹಳೇ ಸರ್ಟಿಫಿಕೇಟನ್ನು ಎಸೆಯಬೇಡಿ. ಅದರ ಕಾಲದಲ್ಲಿ ತೆಗೆದ ಬ್ಯಾಕಪ್‌ಗಳು ಅದರಿಂದಲೇ ತೆರೆಯುತ್ತವೆ. ಬ್ಯಾಕಪ್ ಎಷ್ಟು ವರ್ಷ ಇಡುತ್ತೀರೋ ಅಷ್ಟೂ ವರ್ಷ ಅದರ ಸರ್ಟಿಫಿಕೇಟೂ ಇರಬೇಕು. ಪೆನ್‌ಡ್ರೈವ್ ಮೇಲೆ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಚೀಟಿ ಅಂಟಿಸಿ.

ಇಷ್ಟೆಲ್ಲ ಆದ ಮೇಲೂ ರಿಸ್ಟೋರ್ ಮಾಡಿ ನೋಡುವ ತನಕ ಕೆಲಸ ಮುಗಿದಿದೆ ಎಂದು ಆಡಿಟರ್‌ಗೆ ಬರೆಯಬೇಡಿ. ಬೇರೆ ಒಂದು ಕಂಪ್ಯೂಟರಿಗೆ ಎಸ್‌ಕ್ಯೂಎಲ್ ಸರ್ವರ್ ಹಾಕಿ. ಪರೀಕ್ಷೆಗೆ ಡೆವಲಪರ್ ಎಡಿಷನ್ ಉಚಿತವಾಗಿ ಸಿಗುತ್ತದೆ. ಆವೃತ್ತಿ 2019 ಅಥವಾ ಅದಕ್ಕಿಂತ ಹೊಸದು ಇರಬೇಕು. ಮೊದಲು ಸರ್ಟಿಫಿಕೇಟ್ ಇಲ್ಲದೆಯೇ ರಿಸ್ಟೋರ್ ಮಾಡಲು ನೋಡಿ. 33111 ಬರಬೇಕು. ಬಂದರೆ ಬೀಗ ಬಿದ್ದಿದೆ ಎಂದು ಅರ್ಥ. ಆಮೇಲೆ ಅಲ್ಲಿ ಒಂದು ಮಾಸ್ಟರ್ ಕೀ ಮಾಡಿ, ಅದರ ಪಾಸ್‌ವರ್ಡ್ ಬೇರೆ ಇದ್ದರೂ ನಡೆಯುತ್ತದೆ. ತಿಜೋರಿಯಿಂದ ಪೆನ್‌ಡ್ರೈವ್ ತರಿಸಿ, ಲಕೋಟೆ ಒಡೆದು, ಆ ಎರಡು ಫೈಲುಗಳಿಂದ ಸರ್ಟಿಫಿಕೇಟ್ ಮತ್ತೆ ಕಟ್ಟಿ, ರಿಸ್ಟೋರ್ ಮಾಡಿ. ಇಲ್ಲಿ ಬಹಳ ಜನ ಸಿಕ್ಕಿಬೀಳುವುದು ಒಂದು ಸಣ್ಣ ವಿಷಯಕ್ಕೆ. ಫೈಲನ್ನು ಓದುವುದು ನೀವಲ್ಲ, ಎಸ್‌ಕ್ಯೂಎಲ್ ಸರ್ವರಿನ ಸರ್ವಿಸ್ ಅಕೌಂಟ್, ಅಂದರೆ ಅದು ವಿಂಡೋಸಿನಲ್ಲಿ ಓಡುವ ಖಾತೆ. ಅದಕ್ಕೆ ಆ ಫೋಲ್ಡರ್ ಓದುವ ಅನುಮತಿ ಇಲ್ಲದಿದ್ದರೆ ಫೈಲೇ ಸರಿಯಿಲ್ಲ ಎಂಬಂಥ ಎರರ್ ಬರುತ್ತದೆ. ಫೈಲ್ ಕೆಟ್ಟಿದೆ ಎಂದು ಕೈಚೆಲ್ಲುವ ಮೊದಲು ಅನುಮತಿ ನೋಡಿ. ನಾಲ್ಕು ಸದಸ್ಯರ ಬ್ಯಾಲೆನ್ಸ್ ತಾಳೆ ಹಾಕಿ, ಸರಿಯಿದ್ದರೆ ಆ ಕಂಪ್ಯೂಟರಿನಿಂದ ಡೇಟಾ ಅಳಿಸಿ, ಪಾಸ್‌ವರ್ಡಿಗೆ ಹೊಸ ಲಕೋಟೆ ಮಾಡಿ. ವರ್ಷಕ್ಕೆ ಎರಡು ಸಲ ಹೀಗೆ ಮಾಡಿ, ಒಂದು ಸಲ ನೀವಲ್ಲದೆ ಬೇರೆಯವರ ಕೈಯಿಂದ ಮಾಡಿಸಿ.

ಟಿಡಿಇ ಏನನ್ನು ಕಾಪಾಡುವುದಿಲ್ಲ ಎಂಬುದನ್ನೂ ನಿಮ್ಮ ನಿರ್ದೇಶಕರಿಗೆ ನೇರವಾಗಿ ಹೇಳಿ. ಲಾಗಿನ್ ಇರುವವರಿಗೆ ಎಲ್ಲವೂ ಮೊದಲಿನ ಹಾಗೇ ಕಾಣುತ್ತದೆ. ಎಲ್ಲ ಅಧಿಕಾರ ಇರುವ ‘ಎಸ್‌ಎ’ ಲಾಗಿನ್ನಿನ ಪಾಸ್‌ವರ್ಡ್ ಮಾನಿಟರಿಗೆ ಅಂಟಿಸಿದ್ದರೆ ಟಿಡಿಇಗೆ ಅದು ಗೊತ್ತಾಗುವುದಿಲ್ಲ. ಹರಿಹರ, ಹೊನ್ನಾಳಿಯಿಂದ ಸರ್ವರಿಗೆ ಓಡಾಡುವ ಡೇಟಾ ದಾರಿಯಲ್ಲಿ ಬಿಚ್ಚಿಕೊಂಡೇ ಇರುತ್ತದೆ. ಅದಕ್ಕೆ ಟಿಎಲ್‌ಎಸ್ (ಸಂಪರ್ಕವನ್ನೇ ಎನ್‌ಕ್ರಿಪ್ಟ್ ಮಾಡುವ ವಿಧಾನ) ಬೇರೆ ಹಾಕಬೇಕು, ಇದನ್ನು ಮುಂದಿನ ಕೆಲಸವಾಗಿ ಈಗಲೇ ಬರೆದುಕೊಳ್ಳಿ. ಎಕ್ಸೆಲ್‌ಗೆ ತೆಗೆದ ಸಾಲಗಾರರ ಪಟ್ಟಿ ಮಾಮೂಲಿ ಫೈಲ್. ಆಧಾರ್ ನಂಬರಿನಂಥ ಒಂದೆರಡು ಕಾಲಂಗಳನ್ನು ಡೇಟಾಬೇಸ್ ನೋಡಿಕೊಳ್ಳುವವರಿಂದಲೂ ಮುಚ್ಚಿಡಬೇಕಾದರೆ, 2016ರಿಂದ ‘ಆಲ್ವೇಸ್ ಎನ್‌ಕ್ರಿಪ್ಟೆಡ್’ ಎಂಬ ಬೇರೆ ಸೌಲಭ್ಯ ಇದೆ. ಅದಕ್ಕೆ ಮಾತ್ರ ಸಾಫ್ಟ್‌ವೇರ್ ಬದಲಿಸಬೇಕಾಗುತ್ತದೆ.

ಆಡಿಟರ್ ಯಾಕೆ ಈಗ ಕೇಳುತ್ತಿದ್ದಾರೆ ಎಂದು ನಿಮಗೆ ಅನಿಸಿರಬಹುದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಸರಿಯಾದ ಭದ್ರತೆ ಇಡದೆ ಜನರ ಮಾಹಿತಿ ಸೋರಿಹೋದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. 2025ರಲ್ಲಿ ಬಂದ ಅದರ ನಿಯಮಗಳಲ್ಲಿ ಭದ್ರತಾ ಕ್ರಮಗಳ ಜೊತೆ ಎನ್‌ಕ್ರಿಪ್ಶನ್ ಹೆಸರು ನೇರವಾಗಿಯೇ ಇದೆ. ಅವು ಹಂತಹಂತವಾಗಿ ಜಾರಿಗೆ ಬರುತ್ತಿವೆ. ದಂಡದ ಮಾತು ಬಿಡಿ, ದಿನಾ ನೂರು ರೂಪಾಯಿ ಪಿಗ್ಮಿ ಕಟ್ಟುವ ಮಂಡಕ್ಕಿ ಭಟ್ಟಿಯ ಹೆಂಗಸು ತನ್ನ ಲೆಕ್ಕವನ್ನು ನಿಮ್ಮನ್ನು ನಂಬಿ ಕೊಟ್ಟಿದ್ದಾಳೆ. ನನಗೆ ಅದೇ ದೊಡ್ಡ ಕಾರಣ.

ಬೇರೆ ಡೇಟಾಬೇಸ್ ಇರುವವರಿಗೆ ಎರಡು ಮಾತು. ಮೈಎಸ್‌ಕ್ಯೂಎಲ್‌ನಲ್ಲಿ 5.7.11ರಿಂದ ಟೇಬಲ್‌ಗಳನ್ನು ಎನ್‌ಕ್ರಿಪ್ಟ್ ಮಾಡಬಹುದು. ಆದರೆ ಉಚಿತ ಆವೃತ್ತಿಯಲ್ಲಿ ಸಾಮಾನ್ಯವಾಗಿ ಕೀ ಅದೇ ಮಷಿನಿನ ಒಂದು ಫೈಲಿನಲ್ಲಿ ಕೂರುತ್ತದೆ, ಆ ಫೈಲ್ ಬಗ್ಗೆ ಎಚ್ಚರ ಬೇಕು. ಒರಾಕಲ್‌ನಲ್ಲಿ ಎಂಟರ್‌ಪ್ರೈಸ್ ಎಡಿಷನ್ ಮೇಲೆ ಪ್ರತ್ಯೇಕ ಲೈಸೆನ್ಸ್ ಬೇಕು.

ಕೊನೆಯದಾಗಿ, ಬಹಳ ಜನ ಮರೆಯುವ ಕೆಲಸ. ಟಿಡಿಇ ಹಾಕಿದ್ದು ಹಳೇ ಬ್ಯಾಕಪ್‌ಗಳಿಗೆ ಅನ್ವಯಿಸುವುದಿಲ್ಲ. ಮ್ಯಾನೇಜರ್ ಮನೆಯ ಬೀರುವಿನಲ್ಲಿರುವ ಡಿಸ್ಕ್, ನಿಮ್ಮ ಡ್ರಾಯರಿನ ಪೆನ್‌ಡ್ರೈವ್, ಸಾಫ್ಟ್‌ವೇರ್ ಕಂಪನಿಯ ಹುಡುಗ ಯಾವಾಗಲೋ ‘ಟೆಸ್ಟಿಂಗ್’ಗೆ ಅಂತ ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೋದ ಕಾಪಿ, ಎಲ್ಲವೂ ಇನ್ನೂ ಬೀಗವಿಲ್ಲದೇ ಇವೆ. ಕೂತು ಒಂದು ಪಟ್ಟಿ ಮಾಡಿ. ರಿಸ್ಟೋರ್ ಪರೀಕ್ಷೆ ಗೆದ್ದ ಮೇಲೆ, ಕಾನೂನಿಗಾಗಿ ಇಡಲೇಬೇಕಾದ ವರ್ಷಾಂತ್ಯದ ಬ್ಯಾಕಪ್‌ಗಳನ್ನು ಪರೀಕ್ಷೆಯ ಮಷಿನಿನಲ್ಲಿ ರಿಸ್ಟೋರ್ ಮಾಡಿ, ಎನ್‌ಕ್ರಿಪ್ಟ್ ಮಾಡಿ ಹೊಸ ಬ್ಯಾಕಪ್ ತೆಗೆಯಿರಿ. ಆ ಮಷಿನಿನ ಸರ್ಟಿಫಿಕೇಟೂ ನಿಮ್ಮ ಪೆನ್‌ಡ್ರೈವಿನಲ್ಲಿರುವ ಸರ್ಟಿಫಿಕೇಟೇ ಆಗಿರಲಿ. ಉಳಿದ ಡಿಸ್ಕ್‌ಗಳನ್ನು ಪೂರ್ತಿ ಅಳಿಸಿ, ಕ್ವಿಕ್ ಫಾರ್ಮ್ಯಾಟ್ ಸಾಲದು. ಸಾಫ್ಟ್‌ವೇರ್ ಕಂಪನಿಯಿಂದ ‘ನಮ್ಮ ಹತ್ತಿರ ನಿಮ್ಮ ಡೇಟಾ ಉಳಿದಿಲ್ಲ’ ಎಂದು ಬರೆಸಿಕೊಳ್ಳಿ. ಪಟ್ಟಿಯ ಪ್ರತಿ ಸಾಲಿಗೂ ಟಿಕ್ ಬಿದ್ದ ದಿನ ಆಡಿಟರ್‌ಗೆ ಉತ್ತರ ಬರೆಯಿರಿ.